ಮಾಡ್ಯೂಲರ್ ಅಪಾರ್ಟ್‌ಮೆಂಟ್ ವಿನ್ಯಾಸ: ಸಂದಿನಿಂದ ಆರಂಭಿಸಿ ಮನೆಯವರೆಗೆ

ಅಪಾರ್ಟ್‌ಮೆಂಟ್ ಕಟ್ಟಡವನ್ನು ಕಾರ್ಖಾನೆಯಲ್ಲಿ ಸಿದ್ಧವಾದ ಮಾಡ್ಯೂಲ್‌ಗಳಿಂದ, ಅಂದರೆ ಕೋಣೆಯಂಥ ಪೆಟ್ಟಿಗೆಗಳಿಂದ, ಕಟ್ಟಲು ತೀರ್ಮಾನಿಸಿದ ತಂಡಗಳು ಸಾಮಾನ್ಯವಾಗಿ ಮೊದಲು ಬಿಡಿಸುವುದು ಮನೆಯ ನಕ್ಷೆಯನ್ನು. ನಕ್ಷೆಗೆ ಒಪ್ಪಿಗೆ ಸಿಕ್ಕ ಮೇಲೆ ಅದನ್ನು ತುಂಡುಗಳಾಗಿ ವಿಂಗಡಿಸಿ, ಈ ತುಂಡುಗಳನ್ನು ಲಾರಿಯಲ್ಲಿ ಸಾಗಿಸಬಹುದೇ ಎಂದು ಲೆಕ್ಕ ಹಾಕುತ್ತಾರೆ. ಹೀಗೆ ಹೊರಟ ಯೋಜನೆಗೆ ಮಾಡ್ಯೂಲರ್ ವಿಧಾನದ ಲಾಭಗಳು ದಕ್ಕುವುದಿಲ್ಲ, ತೊಂದರೆಗಳು ಮಾತ್ರ ದಕ್ಕುತ್ತವೆ. ಸರಿಯಾದ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು. ಕಾರ್ಖಾನೆಯಿಂದ ನಿವೇಶನದವರೆಗಿನ ರಸ್ತೆಯಲ್ಲಿ ಎಷ್ಟು ದೊಡ್ಡದು ಸಾಗೀತು, ಕ್ರೇನ್ ಎಷ್ಟು ತೂಕವನ್ನು ಎತ್ತೀತು, ಒಂದು ಮಾಡ್ಯೂಲ್ ಇನ್ನೊಂದಕ್ಕೆ ಎಲ್ಲಿ, ಹೇಗೆ ಕೂಡೀತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ಕೋಣೆ, ಕಿಟಕಿಗಳ ವಿಚಾರಕ್ಕೆ ಬರಬೇಕು. ಈ ಮೂರರಲ್ಲಿಯೂ ಕೊನೆಯದೇ ಹೆಚ್ಚು ಮುಖ್ಯ. ಕಟ್ಟಡದ ಬಲ, ಬೆಂಕಿಯಿಂದ ರಕ್ಷಣೆ, ನೀರು ಸೋರದಿರುವಿಕೆ, ಪಕ್ಕದ ಮನೆಯ ಸದ್ದು ಕೇಳದಿರುವಿಕೆ, ಐವತ್ತು ವರ್ಷಗಳ ನಂತರ ಬಿಚ್ಚಿ ಮರುಬಳಸುವ ಸಾಧ್ಯತೆ ಇವೆಲ್ಲವೂ ನಿರ್ಧಾರವಾಗುವುದು ಮಾಡ್ಯೂಲ್‌ಗಳು ಕೂಡುವ ಸಂದುಗಳಲ್ಲಿ. ಪೆಟ್ಟಿಗೆಯನ್ನು ಯಾವ ಒಳ್ಳೆಯ ಕಾರ್ಖಾನೆಯಾದರೂ ಮಾಡಿಕೊಡುತ್ತದೆ. ಸಂದಿನ ಬಗ್ಗೆ ವಿನ್ಯಾಸಕಾರರೇ ತಲೆ ಕೆಡಿಸಿಕೊಳ್ಳಬೇಕು.

ಎಷ್ಟು ಭಾಗ ಕಾರ್ಖಾನೆಯಲ್ಲಿ ಆಗಬೇಕು

ಪೂರ್ವನಿರ್ಮಾಣವೆಂದರೆ ಇಡೀ ಮನೆಯನ್ನು ಪೆಟ್ಟಿಗೆಯಾಗಿ ತರುವುದೇ ಆಗಬೇಕಿಲ್ಲ. ಗೋಡೆ ಮತ್ತು ನೆಲದ ಫಲಕಗಳನ್ನು ಮಾತ್ರ ಕಾರ್ಖಾನೆಯಲ್ಲಿ ಮಾಡಿ ನಿವೇಶನದಲ್ಲಿ ಜೋಡಿಸುವುದು ಒಂದು ಬಗೆ. ಸ್ನಾನಗೃಹ, ಅಡುಗೆಮನೆಗಳಂಥ ಕೆಲಸ ಹೆಚ್ಚಿರುವ ಭಾಗಗಳನ್ನಷ್ಟೇ ಸಿದ್ಧ ಘಟಕಗಳಾಗಿ ತಂದು, ಸ್ಥಳದಲ್ಲಿ ಕಟ್ಟಿದ ಚೌಕಟ್ಟಿನೊಳಗೆ ಕೂರಿಸುವುದು ಇನ್ನೊಂದು. ನೆಲಹಾಸು, ವೈರಿಂಗ್, ಟೈಲ್ಸ್, ಕಿಟಕಿ, ಬಣ್ಣ ಎಲ್ಲವೂ ಮುಗಿದ ಘನಾಕೃತಿಯ ಮಾಡ್ಯೂಲ್‌ಗಳನ್ನು ಒಂದರ ಮೇಲೊಂದು ಪೇರಿಸುವುದು ಮೂರನೆಯ ಬಗೆ.

ಫಲಕಗಳು ಲಾರಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ, ಘನ ಮಾಡ್ಯೂಲ್‌ಗಳ ಜೊತೆಗೆ ಲಾರಿ ಬಹುಪಾಲು ಗಾಳಿಯನ್ನು ಹೊತ್ತು ಸಾಗುತ್ತದೆ. ಆದ್ದರಿಂದ ಕಾರ್ಖಾನೆ ದೂರವಿದ್ದಷ್ಟೂ ಫಲಕಗಳ ಕಡೆಗೆ ತಕ್ಕಡಿ ವಾಲುತ್ತದೆ. ನಿವೇಶನ ಇಕ್ಕಟ್ಟಾಗಿದ್ದು, ಸುತ್ತಲೂ ಜನವಸತಿಯಿದ್ದು, ಗದ್ದಲ ಮತ್ತು ಧೂಳಿನ ಅವಧಿಯನ್ನು ಕಡಿಮೆ ಮಾಡಲೇಬೇಕೆಂದಿದ್ದರೆ ಘನ ಮಾಡ್ಯೂಲ್‌ಗಳು ತಮ್ಮ ವೆಚ್ಚಕ್ಕೆ ತಕ್ಕ ಫಲ ಕೊಡುತ್ತವೆ. ಒಂದೇ ಬಗೆಯ ಮನೆಗಳು ನೂರಾರು ಸಂಖ್ಯೆಯಲ್ಲಿಲ್ಲದ ಸಾಧಾರಣ ಗಾತ್ರದ ಯೋಜನೆಗಳಿಗೆ ಸಿದ್ಧ ಸ್ನಾನಗೃಹ ಮತ್ತು ಫಲಕಗಳ ಮಿಶ್ರಣವೇ ಹೆಚ್ಚು ವಿವೇಕದ ಆಯ್ಕೆಯೆಂಬುದು ನನ್ನ ಅಭಿಪ್ರಾಯ. ಪೂರ್ಣ ಮಾಡ್ಯೂಲ್ ಪದ್ಧತಿಗೆ ಸಿಗುವ ಪ್ರಚಾರ ಈ ಮಿಶ್ರಣಕ್ಕೆ ಸಿಗುವುದಿಲ್ಲ. ಛಾಯಾಚಿತ್ರದಲ್ಲಿ ಅದು ಕಾಣಿಸುವುದೂ ಇಲ್ಲ.

ಹಳೆಯ ಸಾಗಣೆ ಕಂಟೇನರ್‌ಗಳನ್ನೇ ಮನೆಯಾಗಿಸುವ ವಿಚಾರ ಈ ಹಂತದಲ್ಲಿ ಪ್ರತಿ ತಂಡದಲ್ಲಿಯೂ ಯಾರಾದರೊಬ್ಬರಿಂದ ಬರುತ್ತದೆ. ಅವುಗಳ ಹೊರ ಅಗಲ 2.44 ಮೀಟರ್, ಒಳ ಅಗಲ ಸುಮಾರು 2.35 ಮೀಟರ್. ಶಾಖ ನಿರೋಧಕ ಪದರ ಮತ್ತು ಒಳಗೋಡೆಯನ್ನು ಸೇರಿಸಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ 2.1 ಮೀಟರ್, ಅಂಥ ಕೋಣೆಯಲ್ಲಿ ಹಾಸಿಗೆಯನ್ನು ಅಡ್ಡಲಾಗಿ ಹಾಕಿದರೆ ಓಡಾಡಲು ಜಾಗವಿರುವುದಿಲ್ಲ. ಪಕ್ಕದ ಗೋಡೆಯನ್ನು ಕತ್ತರಿಸಿ ಎರಡು ಕಂಟೇನರ್‌ಗಳನ್ನು ಸೇರಿಸಲು ಹೋದರೆ ಅವುಗಳ ಬಿಗಿತವೇ ಹೊರಟುಹೋಗಿ, ಹೊಸ ಉಕ್ಕಿನ ಚೌಕಟ್ಟನ್ನು ಬೆಸೆಯಬೇಕಾಗುತ್ತದೆ. ಅಪಾರ್ಟ್‌ಮೆಂಟ್‌ಗೆ ಅವು ತಕ್ಕವಲ್ಲ.

ಅಳತೆಯನ್ನು ರಸ್ತೆ ನಿರ್ಧರಿಸುತ್ತದೆ

ಸಾಮಾನ್ಯ ಸರಕು ವಾಹನಗಳಿಗೆ ಬಹುತೇಕ ದೇಶಗಳಲ್ಲಿ ಅನುಮತಿಸುವ ಅಗಲ 2.5ರಿಂದ 2.6 ಮೀಟರಿನ ಆಸುಪಾಸಿನಲ್ಲಿದೆ. ವಾಸಯೋಗ್ಯ ಮಾಡ್ಯೂಲಿನ ಅಗಲ ಸಾಮಾನ್ಯವಾಗಿ 3ರಿಂದ 4 ಮೀಟರ್ ಇರುವುದರಿಂದ, ಪ್ರತಿಯೊಂದು ಸಾಗಣೆಯೂ ವಿಶೇಷ ಅನುಮತಿಯ ಸಾಗಣೆಯೇ ಆಗಿರುತ್ತದೆ. ಎಷ್ಟು ಅಗಲಕ್ಕೆ ಬೆಂಗಾವಲು ವಾಹನ ಬೇಕು, ಯಾವ ಹೊತ್ತಿನಲ್ಲಿ ಮಾತ್ರ ಸಾಗಿಸಬಹುದು ಎಂಬ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಅವನ್ನು ತಿಳಿದುಕೊಂಡು, ಬೆಂಗಾವಲು ಕಡ್ಡಾಯವಾಗುವ ಮಿತಿಗಿಂತ ಹತ್ತು ಸೆಂಟಿಮೀಟರ್ ಕೆಳಗೆ ಅಗಲವನ್ನು ನಿಲ್ಲಿಸಿದರೆ ನೂರಾರು ಸಾಗಣೆಗಳಲ್ಲಿ ಉಳಿತಾಯ ಕಾಣಿಸುತ್ತದೆ. ಎತ್ತರದ ಲೆಕ್ಕದಲ್ಲಿ ಟ್ರೇಲರಿನ ಎತ್ತರವನ್ನೂ ಸೇರಿಸಬೇಕು. ತಗ್ಗಾದ ಟ್ರೇಲರಿನ ಮೇಲೆ 3.2 ಮೀಟರ್ ಎತ್ತರದ ಮಾಡ್ಯೂಲ್ ಕೂತರೆ ಒಟ್ಟು ಎತ್ತರ ಸುಲಭವಾಗಿ 4.2 ಮೀಟರ್ ದಾಟುತ್ತದೆ. ದಾರಿಯಲ್ಲಿರುವ ಒಂದೇ ಒಂದು ತಗ್ಗಿನ ಸೇತುವೆ ಅಥವಾ ತಂತಿ ಇಡೀ ಕಟ್ಟಡದ ಛಾವಣಿಯ ಎತ್ತರವನ್ನು ತೀರ್ಮಾನಿಸಬಲ್ಲದು. ಆದ್ದರಿಂದ ನಕ್ಷೆ ಬಿಡಿಸುವ ಮೊದಲು ದಾರಿಯನ್ನು ಒಮ್ಮೆ ವಾಹನದಲ್ಲಿ ಕ್ರಮಿಸಿ, ಪ್ರತಿ ತಿರುವು, ಸೇತುವೆ, ಮರದ ಕೊಂಬೆಗಳನ್ನು ಅಳೆದು ಗುರುತು ಹಾಕಿಕೊಳ್ಳಬೇಕು.

ತೂಕದ ವಿಷಯದಲ್ಲಿ ವಸ್ತುವಿನ ಆಯ್ಕೆಯೇ ನಿರ್ಣಾಯಕ. ಹಗುರ ಉಕ್ಕಿನ ಅಥವಾ ಮರದ ಮಾಡ್ಯೂಲ್ ಹತ್ತರಿಂದ ಇಪ್ಪತ್ತು ಟನ್‌ಗಳ ಒಳಗಿರಬಹುದು. ಕಾಂಕ್ರೀಟಿನದು ಮೂವತ್ತು ಟನ್ ಮುಟ್ಟಬಹುದು. ಕ್ರೇನಿನ ಸಾಮರ್ಥ್ಯ ಅದರ ತೋಳು ಚಾಚಿದಷ್ಟೂ ಇಳಿಯುತ್ತ ಹೋಗುತ್ತದೆ. ಹಾಗಾಗಿ ಅತ್ಯಂತ ಭಾರದ ಮಾಡ್ಯೂಲ್ ಕ್ರೇನಿನಿಂದ ಅತ್ಯಂತ ದೂರದ ಮೂಲೆಯಲ್ಲಿ ಬಾರದಂತೆ ಕಟ್ಟಡವನ್ನು ತಿರುಗಿಸಿ ಕೂರಿಸುವುದು ಸಾಧ್ಯವೇ ಎಂದು ಆರಂಭದಲ್ಲಿಯೇ ನೋಡಬೇಕು.

ಎರಡು ಮಾಡ್ಯೂಲ್‌ಗಳ ಮನೆ

ಒಂದು ಮಾಡ್ಯೂಲಿನ ಹೊರ ಅಗಲ 3.4 ಮೀಟರ್, ಉದ್ದ 9.5 ಮೀಟರ್ ಎಂದಿಟ್ಟುಕೊಳ್ಳೋಣ. ಗೋಡೆಗಳನ್ನು ಕಳೆದರೆ ಒಳಗೆ ಸುಮಾರು 3.1 ಮತ್ತು 9.1 ಮೀಟರ್ ಸಿಗುತ್ತದೆ, ಅಂದರೆ 28 ಚದರ ಮೀಟರ್. ಇಂಥ ಎರಡನ್ನು ಪಕ್ಕಪಕ್ಕದಲ್ಲಿಟ್ಟರೆ 56 ಚದರ ಮೀಟರಿನ, ಇಬ್ಬರಿಗೆ ಅಥವಾ ಚಿಕ್ಕ ಮಗುವಿರುವ ಕುಟುಂಬಕ್ಕೆ ಸಾಲುವ ಮನೆಯಾಗುತ್ತದೆ. ನೀರಿನ ಸಂಪರ್ಕ ಬೇಕಾದ ಎಲ್ಲವನ್ನೂ, ಅಂದರೆ ಸ್ನಾನಗೃಹ, ಅಡುಗೆಕಟ್ಟೆ, ಬಟ್ಟೆ ಒಗೆಯುವ ಯಂತ್ರ ಇವನ್ನು ಒಂದೇ ಮಾಡ್ಯೂಲಿನಲ್ಲಿ ಕೂಡಿಸಿ, ಇನ್ನೊಂದನ್ನು ಪೂರ್ತಿ ಒಣ ಮಾಡ್ಯೂಲಾಗಿ ಬಿಡುವುದು ಉತ್ತಮ. ಆಗ ಎರಡು ಮಾಡ್ಯೂಲ್‌ಗಳ ನಡುವಿನ ಸಂದನ್ನು ದಾಟುವುದು ವಿದ್ಯುತ್ ತಂತಿ ಮಾತ್ರ. ನೀರಿನ ಕೊಳವೆ ಆ ಸಂದನ್ನು ಎಂದೂ ದಾಟುವುದಿಲ್ಲ. ಸೋರಿಕೆಯ ಸಾಧ್ಯತೆಯನ್ನು ಇಷ್ಟು ಅಗ್ಗದಲ್ಲಿ ಕಡಿಮೆ ಮಾಡುವ ಇನ್ನೊಂದು ಉಪಾಯವಿಲ್ಲ.

ಉದ್ದನೆಯ, ಕಿರಿದಾದ ಪೆಟ್ಟಿಗೆಗೆ ಬೆಳಕು ಬರುವುದು ಅದರ ಕಿರಿದಾದ ತುದಿಯಿಂದ. ಕಿಟಕಿಯ ಮೇಲಂಚಿನ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದವರೆಗೆ ಹಗಲ ಬೆಳಕು ಉಪಯುಕ್ತವಾಗಿರುತ್ತದೆ ಎಂಬುದು ವಾಸ್ತುಶಿಲ್ಪಿಗಳ ಒರಟು ಲೆಕ್ಕ. ಮೇಲಂಚು 2.3 ಮೀಟರಿನಲ್ಲಿದ್ದರೆ ಐದೂವರೆ ಮೀಟರಿನಾಚೆ ಮನೆ ಮಬ್ಬಾಗುತ್ತದೆ. ಆದ್ದರಿಂದ ಒಂಬತ್ತು ಮೀಟರಿನ ಮಾಡ್ಯೂಲಿನಲ್ಲಿ ಒಳತುದಿಯ ಮೂರೂವರೆ ಮೀಟರನ್ನು ಸ್ನಾನಗೃಹ, ಉಗ್ರಾಣ, ಪ್ರವೇಶದ್ವಾರಗಳಿಗೆ ಮೀಸಲಿಡಬೇಕು. ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ: ನಡುವೆ ಕತ್ತಲೆಯ ಓಣಿಯಿಟ್ಟು ಎರಡೂ ಕಡೆ ಮನೆಗಳನ್ನು ಸಾಲಾಗಿ ಜೋಡಿಸುವುದರ ಬದಲು, ಒಂದೇ ಸಾಲು ಮನೆಗಳಿಗೆ ತೆರೆದ ಮೊಗಸಾಲೆಯನ್ನು ಕೊಟ್ಟರೆ ಮಾಡ್ಯೂಲಿನ ಎರಡೂ ತುದಿಗಳು ಹೊರಗಿನ ಗಾಳಿಗೆ ತೆರೆದುಕೊಳ್ಳುತ್ತವೆ. ಅಡ್ಡಗಾಳಿ ಹರಿಯುವ ಮನೆಗೆ ಬೇಸಿಗೆಯಲ್ಲಿ ಯಂತ್ರದ ತಂಪು ಬೇಕಾಗುವ ಗಂಟೆಗಳು ಇಳಿಯುತ್ತವೆ. ಓಣಿಯ ಎರಡೂ ಬದಿ ಮನೆಗಳಿರುವ ವಿನ್ಯಾಸದಲ್ಲಿ ನಿವೇಶನದ ಬಳಕೆ ಹೆಚ್ಚು ಎಂಬುದು ನಿಜ. ಆದರೆ ಪರಿಸರಸ್ನೇಹಿ ಎಂದು ಹೆಸರಿಟ್ಟು, ವರ್ಷವಿಡೀ ಹವಾನಿಯಂತ್ರಣ ಬೇಡುವ ಮನೆಯನ್ನು ಕೊಡುವುದರಲ್ಲಿ ಅರ್ಥವಿಲ್ಲ.

ಹಗುರ ಮಾಡ್ಯೂಲ್‌ಗಳ ಇನ್ನೊಂದು ದೋಷವನ್ನೂ ಇಲ್ಲಿಯೇ ಹೇಳಬೇಕು. ದಪ್ಪ ಕಾಂಕ್ರೀಟ್ ಅಥವಾ ಇಟ್ಟಿಗೆ ಹಗಲಿನ ಬಿಸಿಯನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ, ತೆಳು ಉಕ್ಕು ಮತ್ತು ಜಿಪ್ಸಂ ಹಲಗೆಗೆ ಆ ಶಕ್ತಿಯಿಲ್ಲ. ಬಿಸಿಲು ಗಾಜನ್ನು ದಾಟಿ ಒಳಬಂದ ಅರ್ಧ ಗಂಟೆಯಲ್ಲಿ ಕೋಣೆ ಕಾಯುತ್ತದೆ. ಹೀಗಾಗಿ ಹಗುರ ಮಾಡ್ಯೂಲ್‌ಗಳಲ್ಲಿ ಕಿಟಕಿಯ ಹೊರಗಿನ ನೆರಳು ಐಚ್ಛಿಕವಲ್ಲ. ನೆರಳು ಗಾಜಿನ ಹೊರಗಡೆಯೇ ಇರಬೇಕು. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಅದು ಮನೆಯೊಳಗೆ ಬಂದಾಗಿರುತ್ತದೆ.

ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ

ಮಾಡ್ಯೂಲ್‌ಗಳು ಭಾರವನ್ನು ಎರಡು ರೀತಿಯಲ್ಲಿ ಹೊರಬಲ್ಲವು. ಗೋಡೆಗಳೇ ಭಾರ ಹೊರುವ ಮಾಡ್ಯೂಲ್ ಮಿತವ್ಯಯದ್ದು. ಆದರೆ ಪಕ್ಕದ ಗೋಡೆಯನ್ನು ತೆಗೆದು ಕೋಣೆಯನ್ನು ಅಗಲಗೊಳಿಸಲು ಅದು ಬಿಡುವುದಿಲ್ಲ. ನಾಲ್ಕು ಮೂಲೆಗಳ ಕಂಬಗಳ ಮೇಲೆ ನಿಲ್ಲುವ ಮಾಡ್ಯೂಲಿನಲ್ಲಿ ಬದಿಗಳನ್ನು ತೆರೆದಿಡಬಹುದು; ಪ್ರತಿಯಾಗಿ ಅಂಚಿನ ತೊಲೆಗಳು ಆಳವಾಗುತ್ತವೆ, ಮಾಡ್ಯೂಲಿನ ನೆಲ ಮತ್ತು ಕೆಳಗಿನದರ ಛಾವಣಿ ಸೇರಿ 40ರಿಂದ 50 ಸೆಂಟಿಮೀಟರ್ ದಪ್ಪವನ್ನು ತಿನ್ನುತ್ತವೆ. ಕೋಣೆಯ ಎತ್ತರ 2.5 ಮೀಟರ್ ಬೇಕಿದ್ದರೆ ಮಹಡಿಯಿಂದ ಮಹಡಿಗೆ 3 ಮೀಟರಿನ ಲೆಕ್ಕ ಹಿಡಿಯಬೇಕು. ಕಟ್ಟಡದ ಎತ್ತರಕ್ಕೆ ಕಾನೂನಿನ ಮಿತಿಯಿರುವೆಡೆ ಈ ವ್ಯತ್ಯಾಸ ಒಂದು ಇಡೀ ಮಹಡಿಯನ್ನೇ ಕಸಿದುಕೊಳ್ಳಬಹುದು.

ನಾಲ್ಕರಿಂದ ಆರು ಮಹಡಿಗಳವರೆಗೆ ಮಾಡ್ಯೂಲ್‌ಗಳು ತಾವೇ ಗಾಳಿಯ ಒತ್ತಡವನ್ನು ತಾಳಿಕೊಳ್ಳುವಂತೆ ಮಾಡುವುದು ಕಷ್ಟವಲ್ಲ. ಎತ್ತರ ಹೆಚ್ಚಿದಂತೆ ಮೆಟ್ಟಿಲು ಮತ್ತು ಲಿಫ್ಟ್‌ಗಳನ್ನು ಒಳಗೊಂಡ ಕಾಂಕ್ರೀಟ್ ನಡುಗೋಪುರವನ್ನು ಮೊದಲು ಎಬ್ಬಿಸಿ, ಅದಕ್ಕೆ ಮಾಡ್ಯೂಲ್‌ಗಳನ್ನು ಬಿಗಿಯಬೇಕಾಗುತ್ತದೆ. ಲಂಡನ್ನಿನ ಕ್ರಾಯ್ಡನ್‌ನಲ್ಲಿ 2020ರಲ್ಲಿ ಮುಗಿದ 44 ಮತ್ತು 38 ಮಹಡಿಗಳ ಜೋಡಿ ಗೋಪುರಗಳು ಉಕ್ಕಿನ ಮಾಡ್ಯೂಲ್‌ಗಳನ್ನು ಹೀಗೆಯೇ ಹಿಡಿದಿಟ್ಟಿವೆ. ಸಿಂಗಪುರದ ಕ್ಲೆಮೆಂಟ್ ಕ್ಯಾನೊಪಿ 2019ರಲ್ಲಿ ಕಾಂಕ್ರೀಟ್ ಮಾಡ್ಯೂಲ್‌ಗಳಿಂದಲೇ 40 ಮಹಡಿಗಳನ್ನು ಮುಟ್ಟಿತು. ಅದರ 505 ಮನೆಗಳಿಗೆ 1,866 ಮಾಡ್ಯೂಲ್‌ಗಳು ಬೇಕಾದವು. ನಾರ್ವೆಯ ಬರ್ಗೆನ್‌ನಲ್ಲಿ 2015ರಲ್ಲಿ ಸಿದ್ಧವಾದ 14 ಮಹಡಿಗಳ ಮರದ ಕಟ್ಟಡ ಟ್ರೇಟ್ ಅನುಸರಿಸಿದ ಕ್ರಮ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಅಲ್ಲಿ ಮರದ ಮಾಡ್ಯೂಲ್‌ಗಳನ್ನು ಕೆಲವೇ ಮಹಡಿಗಳಷ್ಟು ಪೇರಿಸಿ, ಅಂಟುಪದರಗಳ ದಪ್ಪ ಮರದ ಹೊರ ಚೌಕಟ್ಟಿನಲ್ಲಿ ನಡುನಡುವೆ ಬಲಿಷ್ಠ ಮಹಡಿಗಳನ್ನಿಟ್ಟು, ಮುಂದಿನ ಸಾಲನ್ನು ಆ ಮಹಡಿಯ ಮೇಲೆ ಹೊಸದಾಗಿ ಆರಂಭಿಸಲಾಗಿದೆ. ಕೆಳಗಿನ ಮಾಡ್ಯೂಲಿನ ಮೇಲೆ ಇಡೀ ಕಟ್ಟಡದ ಭಾರ ಬೀಳುವುದಿಲ್ಲವಾದ್ದರಿಂದ ಎಲ್ಲ ಮಾಡ್ಯೂಲ್‌ಗಳನ್ನೂ ಹಗುರವಾಗಿ, ಒಂದೇ ರೀತಿಯಲ್ಲಿ ಮಾಡಬಹುದು.

ಅಳತೆಯ ತಪ್ಪುಗಳ ವಿಷಯದಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪ್ರತಿ ಮಾಡ್ಯೂಲಿನ ಎತ್ತರದಲ್ಲಿ ಎರಡು ಮಿಲಿಮೀಟರ್ ಹೆಚ್ಚುಕಡಿಮೆ ಇದೆಯೆನ್ನೋಣ. ಆ ತಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗಿ ಯಾದೃಚ್ಛಿಕವಾಗಿದ್ದರೆ, ಇಪ್ಪತ್ತು ಮಹಡಿಗಳ ತುದಿಯಲ್ಲಿ ಅದು ಸುಮಾರು ಒಂಬತ್ತು ಮಿಲಿಮೀಟರಿಗೆ ಬೆಳೆಯುತ್ತದೆ, ಅಷ್ಟೆ. ಆದರೆ ಕಾರ್ಖಾನೆಯ ಅಚ್ಚಿನಲ್ಲಿಯೇ ದೋಷವಿದ್ದು, ಪ್ರತಿಯೊಂದು ಮಾಡ್ಯೂಲೂ ಎರಡು ಮಿಲಿಮೀಟರ್ ಎತ್ತರವಾಗಿಯೇ ಬಂದರೆ, ತುದಿಯಲ್ಲಿ ನಲವತ್ತು ಮಿಲಿಮೀಟರ್ ವ್ಯತ್ಯಾಸ ನಿಲ್ಲುತ್ತದೆ. ಲಿಫ್ಟಿನ ಬಾಗಿಲಿಗೂ ಮನೆಯ ನೆಲಕ್ಕೂ ಒಂದು ಮೆಟ್ಟಿಲೇ ಬೀಳುತ್ತದೆ. ಕಾರ್ಖಾನೆಗಳಲ್ಲಿ ಬಹುಪಾಲು ತಪ್ಪುಗಳು ಈ ಎರಡನೆಯ ಜಾತಿಯವು, ಏಕೆಂದರೆ ಒಂದೇ ಅಚ್ಚಿನಿಂದ ನೂರಾರು ಘಟಕಗಳು ಹೊರಬರುತ್ತವೆ. ಪರಿಹಾರ ಎರಡು. ಮೊದಲ ಕೆಲವು ಮಾಡ್ಯೂಲ್‌ಗಳನ್ನು ಲೇಸರ್ ಸ್ಕ್ಯಾನ್ ಮಾಡಿ ಅಚ್ಚನ್ನು ತಿದ್ದಿಸಬೇಕು. ಮತ್ತು ಮಾಡ್ಯೂಲ್‌ಗಳ ನಡುವೆ 20ರಿಂದ 40 ಮಿಲಿಮೀಟರಿನ ಅಂತರವನ್ನು ವಿನ್ಯಾಸದಲ್ಲಿಯೇ ಇಟ್ಟು, ಉಕ್ಕಿನ ತೆಳು ಬಿಲ್ಲೆಗಳಿಂದ ಪ್ರತಿ ಮಹಡಿಯಲ್ಲಿ ಮಟ್ಟವನ್ನು ಸರಿಪಡಿಸುತ್ತ ಹೋಗಬೇಕು. ನಡುಗೋಪುರಕ್ಕೆ ಕೂಡುವ ಬೋಲ್ಟ್‌ಗಳಿಗೆ ಉದ್ದನೆಯ ರಂಧ್ರಗಳನ್ನು ಕೊಡಬೇಕು, ಏಕೆಂದರೆ ಸ್ಥಳದಲ್ಲಿ ಸುರಿದ ಕಾಂಕ್ರೀಟ್ ಎಂದಿಗೂ ಕಾರ್ಖಾನೆಯ ಉಕ್ಕಿನಷ್ಟು ಕರಾರುವಾಕ್ಕಾಗಿರುವುದಿಲ್ಲ. ಅಡಿಪಾಯವನ್ನೂ ಇದೇ ಕಟ್ಟುನಿಟ್ಟಿನಿಂದ ಅಳೆಯಬೇಕು. ಸಾಮಾನ್ಯ ಕಟ್ಟಡದಲ್ಲಿ ಗಾರೆಯ ಕೆಳಗೆ ಮುಚ್ಚಿಹೋಗುವ ಒಂದು ಸೆಂಟಿಮೀಟರಿನ ಏರಿಳಿತ ಇಲ್ಲಿ ಮೊದಲ ಮಾಡ್ಯೂಲನ್ನೇ ಓರೆಯಾಗಿಸುತ್ತದೆ.

ಸಂದುಗಳು ಭಾರವನ್ನು ಕೆಳಕ್ಕೆ ಸಾಗಿಸಿದರೆ ಸಾಲದು. ಒಂದು ಭಾಗ ಕುಸಿದರೆ ಉಳಿದದ್ದನ್ನು ಹಿಡಿದು ನಿಲ್ಲಿಸಲೂ ಬೇಕು. 1968ರ ಮೇ 16ರಂದು ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಮಹಡಿಗಳ ಪೂರ್ವನಿರ್ಮಿತ ಫಲಕಗಳ ಕಟ್ಟಡದಲ್ಲಿ, 18ನೇ ಮಹಡಿಯ ಅಡುಗೆಮನೆಯಲ್ಲಿ ಅನಿಲ ಸ್ಫೋಟಿಸಿತು. ಭಾರ ಹೊರುವ ಹೊರಗೋಡೆಯ ಫಲಕ ಹೊರಕ್ಕೆ ಬಿತ್ತು. ಮೇಲಿನ ಮಹಡಿಗಳು ಕುಸಿದವು, ಅವುಗಳ ಹೊಡೆತಕ್ಕೆ ಕೆಳಗಿನವೂ ಕುಸಿದು, ಕಟ್ಟಡದ ಒಂದು ಮೂಲೆ ನೆಲದವರೆಗೆ ಇಳಿಯಿತು, ನಾಲ್ವರು ಸತ್ತರು. ಸ್ಫೋಟ ಅಂಥ ದೊಡ್ಡದೇನೂ ಆಗಿರಲಿಲ್ಲ. ಫಲಕಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಸಂದುಗಳು ದುರ್ಬಲವಾಗಿದ್ದವು. ಆ ಘಟನೆಯ ನಂತರ ಬ್ರಿಟನ್ನಿನ ಕಟ್ಟಡ ನಿಯಮಗಳೇ ಬದಲಾದವು. ಇಂದು ರಚನಾ ಎಂಜಿನಿಯರಿಗೆ ಕೇಳಬೇಕಾದ ಪ್ರಶ್ನೆ ನೇರವಾದದ್ದು: ಯಾವುದೇ ಒಂದು ಮೂಲೆಕಂಬವನ್ನು ತೆಗೆದುಹಾಕಿದರೆ ಮೇಲಿನ ಮಾಡ್ಯೂಲ್‌ಗಳು ನೆರೆಯ ಮಾಡ್ಯೂಲ್‌ಗಳನ್ನು ಹಿಡಿದು ನಿಲ್ಲುತ್ತವೆಯೇ? ಇದಕ್ಕೆ ಲೆಕ್ಕದ ಹಾಳೆಯೊಂದಿಗೆ ಉತ್ತರ ಬರುವವರೆಗೆ ಮುಂದುವರಿಯಬಾರದು. ಭೂಕಂಪದ ವಲಯಗಳಲ್ಲಿ ಇದರ ಜೊತೆಗೆ ಮಾಡ್ಯೂಲ್‌ಗಳ ಅಡ್ಡ ಜೋಡಣೆಗಳು ಇಡೀ ಮಹಡಿಯನ್ನು ಒಂದೇ ತಟ್ಟೆಯಂತೆ ವರ್ತಿಸುವಂತೆ ಮಾಡಬೇಕು.

ಕೊಳವೆ, ಬೆಂಕಿ, ಸದ್ದು, ಮಳೆ

ಮೇಲಿಂದ ಕೆಳಗೆ ಇಳಿಯುವ ಎಲ್ಲ ಕೊಳವೆಗಳೂ ತಂತಿಗಳೂ ಓಣಿಯ ಕಡೆಯಿಂದ ಬಾಗಿಲು ತೆರೆಯುವ ಒಂದೇ ಲಂಬ ಕಂಡಿಯಲ್ಲಿರಬೇಕು. ಮಾಡ್ಯೂಲ್ ಕೂತ ಮೇಲೆ ಪ್ಲಂಬರ್ ಆ ಬಾಗಿಲನ್ನು ತೆರೆದು ಹೊರಗಡೆಯಿಂದಲೇ ಜೋಡಣೆಯನ್ನು ಮುಗಿಸುತ್ತಾನೆ. ಬಣ್ಣ ಬಳಿದು, ನೆಲ ಹಾಸಿ ಬಂದ ಮನೆಯನ್ನು ಯಾರೂ ಒಡೆಯಬೇಕಾಗುವುದಿಲ್ಲ. ತ್ಯಾಜ್ಯ ನೀರಿನ 100 ಮಿಲಿಮೀಟರ್ ಕೊಳವೆಗೆ ಮೀಟರಿಗೆ ಒಂದರಿಂದ ಎರಡು ಸೆಂಟಿಮೀಟರ್ ಇಳಿಜಾರು ಬೇಕು. ಶೌಚಾಲಯ ಕಂಡಿಯಿಂದ ನಾಲ್ಕು ಮೀಟರ್ ದೂರವಿದ್ದರೆ ಆ ಇಳಿಜಾರಿಗೆ ನೆಲದ ದಪ್ಪದಲ್ಲಿ ಜಾಗ ಸಿಗುವುದಿಲ್ಲ. ಶೌಚಾಲಯವನ್ನು ಕಂಡಿಗೆ ಒತ್ತಿಕೊಂಡೇ ಇಡಿ. ಸ್ನಾನದ ನೀರನ್ನು ಶುದ್ಧೀಕರಿಸಿ ಶೌಚಾಲಯಕ್ಕೆ ಬಳಸುವ ಉದ್ದೇಶವಿದ್ದರೆ ಪ್ರತ್ಯೇಕ ಕೊಳವೆಯನ್ನು ಕಾರ್ಖಾನೆಯಲ್ಲಿಯೇ ಅಳವಡಿಸಬೇಕು. ನಂತರ ಅದನ್ನು ಸೇರಿಸುವುದು ಆಗದ ಮಾತು.

ಮಾಡ್ಯೂಲ್‌ಗಳ ನಡುವಿನ ಅಂತರಕ್ಕೆ ಎರಡು ಮುಖಗಳಿವೆ. ಎರಡು ಪ್ರತ್ಯೇಕ ಗೋಡೆಗಳು, ನಡುವೆ ಗಾಳಿ ಮತ್ತು ಖನಿಜ ಉಣ್ಣೆ ಇರುವುದರಿಂದ ಪಕ್ಕದ ಮನೆಯ ಮಾತು ಬಹುಮಟ್ಟಿಗೆ ಕೇಳಿಸುವುದಿಲ್ಲ. ಆಧಾರಬಿಂದುಗಳಲ್ಲಿ ರಬ್ಬರಿನಂಥ ಮೆತ್ತೆಗಳನ್ನಿಟ್ಟರೆ ಮೇಲಿನವರ ಹೆಜ್ಜೆಯ ಸದ್ದೂ ತಗ್ಗುತ್ತದೆ. ಈ ವಿಷಯದಲ್ಲಿ ಒಳ್ಳೆಯ ಮಾಡ್ಯೂಲರ್ ಮನೆ ಸಾಧಾರಣ ಕಾಂಕ್ರೀಟ್ ಮನೆಗಿಂತ ಮೇಲು. ಆದರೆ ಅದೇ ಅಂತರಕ್ಕೆ ಬೆಂಕಿ ಹೊಕ್ಕರೆ, ಗೋಡೆಗಳ ಹಿಂದೆ ಯಾರ ಕಣ್ಣಿಗೂ ಬೀಳದೆ ಮಹಡಿಯಿಂದ ಮಹಡಿಗೆ ಏರಬಲ್ಲದು. ಪ್ರತಿ ಮಹಡಿಯ ಮಟ್ಟದಲ್ಲಿ ಮತ್ತು ಪ್ರತಿ ಮನೆಯ ಗಡಿಯಲ್ಲಿ ಈ ಅಂತರವನ್ನು ಬೆಂಕಿ ತಡೆಯುವ ಪಟ್ಟಿಗಳಿಂದ ಮುಚ್ಚಬೇಕು. ಮುಂದಿನ ಮಾಡ್ಯೂಲ್ ಇಳಿಯುವ ಮೊದಲೇ ಪ್ರತಿಯೊಂದು ಪಟ್ಟಿಯ ಛಾಯಾಚಿತ್ರ ತೆಗೆದು ದಾಖಲಿಸಬೇಕು. ಮಾಡ್ಯೂಲ್ ಕೂತ ಮೇಲೆ ಆ ಜಾಗ ಮತ್ತೆ ಯಾರಿಗೂ ಕಾಣುವುದಿಲ್ಲ. ಸುಮಾರು 550 ಡಿಗ್ರಿ ಸೆಲ್ಸಿಯಸ್‌ಗೆ ಕಾಯ್ದ ಉಕ್ಕು ತನ್ನ ಬಲದ ಶೇಕಡಾ 40ರಷ್ಟನ್ನು ಕಳೆದುಕೊಂಡಿರುವುದರಿಂದ, ಮೂಲೆಕಂಬಗಳನ್ನು ಜಿಪ್ಸಂ ಹಲಗೆಯ ಪದರಗಳಿಂದ ಅಥವಾ ಕಾಂಕ್ರೀಟಿನಿಂದ ಮುಚ್ಚುವುದು ಕಡ್ಡಾಯ.

ಮಳೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಮಾಡ್ಯೂಲ್ ಒಳಗಿನ ಅಲಂಕಾರ ಮುಗಿಸಿಕೊಂಡು ಬರುತ್ತದೆ, ಕಟ್ಟಡಕ್ಕೆ ಮಾತ್ರ ಇನ್ನೂ ಛಾವಣಿಯಿರುವುದಿಲ್ಲ. ಪ್ರತಿ ಮಾಡ್ಯೂಲಿನ ಮೇಲ್ಭಾಗಕ್ಕೂ ಕಾರ್ಖಾನೆಯಲ್ಲಿಯೇ ಜಲನಿರೋಧಕ ಪದರವನ್ನು ಅಂಟಿಸಿ, ಅದನ್ನು ತಾತ್ಕಾಲಿಕ ಛಾವಣಿಯಂತೆ ನಡೆಸಿಕೊಳ್ಳಬೇಕು. ಮರದ ಮಾಡ್ಯೂಲ್‌ಗಳಲ್ಲಿ ತೇವಾಂಶ ಶೇಕಡಾ 20ನ್ನು ಮೀರಿ ಹಾಗೆಯೇ ಉಳಿದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಮುಚ್ಚುವ ಮೊದಲು ಅಳೆದು ನೋಡುವುದು ಲೇಸು.

ಇಂಗಾಲದ ಲೆಕ್ಕ ಮತ್ತು ಆಯಸ್ಸು

ಕಾರ್ಖಾನೆಯಲ್ಲಿ ಕಟ್ಟಿದ್ದೆಲ್ಲ ತಾನಾಗಿಯೇ ಪರಿಸರಸ್ನೇಹಿಯಾಗುವುದಿಲ್ಲ. ವಸ್ತುಗಳನ್ನು ಅಳತೆಗೆ ತಕ್ಕಂತೆ ಕತ್ತರಿಸುವುದರಿಂದ ತ್ಯಾಜ್ಯ ಕಡಿಮೆಯಾಗುವುದು, ಸಂದುಗಳು ಗಾಳಿಬಿಗಿಯಾಗಿರುವುದರಿಂದ ಶಕ್ತಿಯ ಸೋರಿಕೆ ತಗ್ಗುವುದು ನಿಜವಾದ ಲಾಭಗಳು. ಆದರೆ ಜೋಡಿಗೋಡೆ, ಜೋಡಿನೆಲಗಳು ಹೆಚ್ಚು ವಸ್ತುವನ್ನು ಬೇಡುತ್ತವೆ; ಸಾಗಣೆ ಮತ್ತು ಎತ್ತುವಿಕೆಯ ಒತ್ತಡವನ್ನು ತಾಳಲೆಂದೇ ಸೇರಿಸುವ ಉಕ್ಕು ಕಟ್ಟಡ ನಿಂತ ಮೇಲೆ ಯಾವ ಕೆಲಸವನ್ನೂ ಮಾಡುವುದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ತಯಾರಿಕೆಯೊಂದರ ಪಾಲೇ ಶೇಕಡಾ 7ರಿಂದ 8ರಷ್ಟಿದೆ. ಕಾಂಕ್ರೀಟ್ ಮಾಡ್ಯೂಲ್‌ಗಳನ್ನು ಆರಿಸಿದರೆ ಸಿಮೆಂಟಿನ ಒಂದು ಭಾಗಕ್ಕೆ ಬದಲಾಗಿ ಕಬ್ಬಿಣದ ಊದುಕುಲುಮೆಯ ಕಿಟ್ಟ ಅಥವಾ ಹಾರುಬೂದಿಯನ್ನು ಬಳಸಲು ಕಾರ್ಖಾನೆಗೆ ಸೂಚಿಸಬೇಕು. ಮಾಡ್ಯೂಲಿನ ಒಂದೊಂದು ಚದರ ಮೀಟರಿಗೆ ಎಷ್ಟು ಕಿಲೋಗ್ರಾಂ ಉಕ್ಕು, ಸಿಮೆಂಟ್, ಜಿಪ್ಸಂ ಎಂಬ ಪಟ್ಟಿಯನ್ನು ಕೇಳಿ ಪಡೆಯಿರಿ. ಆ ಪಟ್ಟಿಯನ್ನು ಕೊಡಲು ಹಿಂದೇಟು ಹಾಕುವ ಕಾರ್ಖಾನೆಯ ಹಸಿರು ಘೋಷಣೆಗಳನ್ನು ನಂಬಬೇಕಾಗಿಲ್ಲ.

ಆಯಸ್ಸಿನ ವಿಷಯದಲ್ಲಿ ಎರಡು ಹಳೆಯ ಕಟ್ಟಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಕಿಶೋ ಕುರೊಕಾವಾ ವಿನ್ಯಾಸಗೊಳಿಸಿ 1972ರಲ್ಲಿ ಟೋಕಿಯೊದಲ್ಲಿ ನಿಂತ ನಕಾಗಿನ್ ಕ್ಯಾಪ್ಸೂಲ್ ಗೋಪುರದಲ್ಲಿ, 140 ಪುಟ್ಟ ಕ್ಯಾಪ್ಸೂಲ್‌ಗಳನ್ನು ಎರಡು ನಡುಗೋಪುರಗಳಿಗೆ ತಲಾ ನಾಲ್ಕು ಬೋಲ್ಟ್‌ಗಳಿಂದ ಬಿಗಿಯಲಾಗಿತ್ತು. ಸುಮಾರು 25 ವರ್ಷಗಳಿಗೊಮ್ಮೆ ಅವನ್ನು ಬದಲಿಸುವುದು ಮೂಲ ಆಶಯವಾಗಿತ್ತು. ಒಂದೂ ಬದಲಾಗಲಿಲ್ಲ. ಕ್ಯಾಪ್ಸೂಲ್‌ಗಳು ಎಷ್ಟು ಒತ್ತಾಗಿದ್ದವೆಂದರೆ ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವನ್ನೂ ತೆಗೆಯಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದು ಸೇರಿದ್ದರಿಂದ ಎಲ್ಲರೂ ಒಮ್ಮೆಲೇ ಒಪ್ಪುವುದು ಸಾಧ್ಯವಾಗಲಿಲ್ಲ. ಕೊಳವೆಗಳು ಕೈಗೆಟುಕದ ಜಾಗದಲ್ಲಿ ತುಕ್ಕು ಹಿಡಿದವು. 2022ರಲ್ಲಿ ಅದನ್ನು ಬಿಚ್ಚಿಹಾಕಲಾಯಿತು. ಮಾಂಟ್ರಿಯಲ್‌ನಲ್ಲಿ 1967ರ ವಿಶ್ವ ಪ್ರದರ್ಶನಕ್ಕಾಗಿ ಮೋಶೆ ಸಾಫ್ದಿ ರೂಪಿಸಿದ ಹ್ಯಾಬಿಟ್ಯಾಟ್ 67ರಲ್ಲಿ 354 ಕಾಂಕ್ರೀಟ್ ಪೆಟ್ಟಿಗೆಗಳಿಂದ 158 ಮನೆಗಳಾಗಿದ್ದವು. ಅದು ಅಗ್ಗವಾಗಲಿಲ್ಲ, ಮೂಲ ಯೋಜನೆಯಷ್ಟು ದೊಡ್ಡದಾಗಿ ಬೆಳೆಯಲೂ ಇಲ್ಲ. ಆದರೂ ಜನ ಇಂದಿಗೂ ಅಲ್ಲಿದ್ದಾರೆ. ಕೆಲವರು ಪಕ್ಕದ ಮನೆಯನ್ನೂ ಸೇರಿಸಿಕೊಂಡು ದೊಡ್ಡದು ಮಾಡಿಕೊಂಡಿರುವುದರಿಂದ ಮನೆಗಳ ಸಂಖ್ಯೆ ಈಗ ಕಡಿಮೆಯಾಗಿದೆ. ಬದಲಿಸಬಹುದೆಂದು ಸಾರಿದ ಕಟ್ಟಡ ಬದಲಾಗದೆ ಹೋಯಿತು. ಪೆಟ್ಟಿಗೆಗಳ ನಡುವೆ ಬಾಗಿಲು ಕೊರೆಯಲು ಅವಕಾಶವಿದ್ದ ಕಟ್ಟಡ ನಿವಾಸಿಗಳ ಅಗತ್ಯದೊಂದಿಗೆ ಬೆಳೆಯಿತು.

ಇದರಿಂದ ವಿನ್ಯಾಸಕ್ಕೆ ದೊರೆಯುವ ಸೂಚನೆಗಳು ಸ್ಪಷ್ಟವಾಗಿವೆ. ನೂರು ವರ್ಷ ಬಾಳುವ ಚೌಕಟ್ಟನ್ನೂ ಹದಿನೈದಿಪ್ಪತ್ತು ವರ್ಷಗಳಲ್ಲಿ ಬದಲಾಗುವ ಒಳಾಂಗಣವನ್ನೂ ಬೇರೆಬೇರೆ ಪದರಗಳಾಗಿ ಇಡಬೇಕು. ಡಚ್ ವಾಸ್ತುಶಿಲ್ಪಿ ಜಾನ್ ಹಬ್ರಾಕೆನ್ 1960ರ ದಶಕದಲ್ಲಿಯೇ ಈ ವಿಭಜನೆಯನ್ನು ಪ್ರತಿಪಾದಿಸಿದ್ದರು. ಇಡೀ ಮಾಡ್ಯೂಲನ್ನು ಹೊರಗೆಳೆಯುವ ಕನಸಿಗಿಂತ ಸ್ನಾನಗೃಹದ ಒಳಭಾಗವನ್ನು, ಕಿಟಕಿಯನ್ನು, ಕೊಳವೆಯನ್ನು ಮನೆಯವರು ಮನೆಯಲ್ಲಿದ್ದಂತೆಯೇ ಬದಲಿಸುವ ಅನುಕೂಲ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಮಾಡ್ಯೂಲ್‌ಗಳ ನಡುವಿನ ಗೋಡೆಯಲ್ಲಿ ಮುಂದೆ ಬಾಗಿಲಾಗಬಲ್ಲ ಜಾಗವನ್ನು ಚೌಕಟ್ಟಿನೊಂದಿಗೆ ಈಗಲೇ ಕಟ್ಟಿ ಹಲಗೆಯಿಂದ ಮುಚ್ಚಿಡಬಹುದು. ಬೆಸುಗೆಯ ಬದಲು ಬೋಲ್ಟ್ ಬಳಸಬೇಕು, ಆ ಬೋಲ್ಟ್ ಸ್ಪ್ಯಾನರ್ ತಲುಪುವ ಜಾಗದಲ್ಲಿರಬೇಕು.

ಕಾರ್ಖಾನೆ, ವೇಳಾಪಟ್ಟಿ ಮತ್ತು ಹಸ್ತಾಂತರ

ಅಡಿಪಾಯ ನಿವೇಶನದಲ್ಲಿಯೂ ಮಾಡ್ಯೂಲ್‌ಗಳು ಕಾರ್ಖಾನೆಯಲ್ಲಿಯೂ ಏಕಕಾಲಕ್ಕೆ ಸಾಗುವುದೇ ಈ ವಿಧಾನದ ವೇಗದ ಗುಟ್ಟು. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಸಾಮಾನ್ಯ ಕಟ್ಟಡದಲ್ಲಿ ಕೊನೆಯ ತಿಂಗಳಿಗೆ ಮುಂದೂಡುವ ತೀರ್ಮಾನಗಳನ್ನೂ, ಸ್ವಿಚ್ಚಿನ ಜಾಗ, ನಲ್ಲಿಯ ಮಾದರಿಯವರೆಗೆ, ಉತ್ಪಾದನೆಗೆ ಮೊದಲೇ ಮುಗಿಸಬೇಕು. ಅಂತಿಮ ಒಪ್ಪಿಗೆಯ ದಿನಾಂಕವನ್ನು ಒಪ್ಪಂದದಲ್ಲಿ ಬರೆದು, ಅದರ ನಂತರದ ಬದಲಾವಣೆಗೆ ದಂಡವನ್ನೂ ಬರೆಯಿರಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2016ರಲ್ಲಿ ತೆರೆದ 32 ಮಹಡಿಗಳ ‘461 ಡೀನ್ ಸ್ಟ್ರೀಟ್’ ಎಂಬ ಮಾಡ್ಯೂಲರ್ ಕಟ್ಟಡ ಎರಡು ವರ್ಷಗಳಲ್ಲಿ ಮುಗಿಯಬೇಕಿತ್ತು, ಸುಮಾರು ನಾಲ್ಕು ವರ್ಷ ಹಿಡಿಯಿತು. ಕಾಮಗಾರಿ ನಡುವೆ ನಿಂತು, ಪಾಲುದಾರರ ವ್ಯಾಜ್ಯವೂ ಸೇರಿಕೊಂಡಿತು. ಮಾದರಿ ಮಾಡ್ಯೂಲ್ ಒಂದನ್ನಲ್ಲ, ಎರಡನ್ನು ಮಾಡಿಸಿ, ಕಾರ್ಖಾನೆಯ ಅಂಗಳದಲ್ಲಿಯೇ ಕೂಡಿಸಿ, ಸಂದಿಗೆ ನೀರು ಹೊಯ್ದು ಪರೀಕ್ಷಿಸಬೇಕು. ಒಂಟಿ ಮಾಡ್ಯೂಲ್ ಸಂದಿನ ಬಗ್ಗೆ ಏನನ್ನೂ ತಿಳಿಸುವುದಿಲ್ಲ.

ಕಾರ್ಖಾನೆಯ ಆರ್ಥಿಕ ಸ್ಥಿತಿಯನ್ನು ಕೂಡ ವಿನ್ಯಾಸದ ಪ್ರಶ್ನೆಯಾಗಿಯೇ ನೋಡುವುದು ಒಳ್ಳೆಯದು. ಭಾರಿ ಬಂಡವಾಳದೊಂದಿಗೆ 2015ರಲ್ಲಿ ಆರಂಭವಾದ ಅಮೆರಿಕದ ಪೂರ್ವನಿರ್ಮಾಣ ಕಂಪನಿ ಕಟೆರಾ 2021ರಲ್ಲಿ ದಿವಾಳಿಯಾಯಿತು. ಒಂದೇ ಕಾರ್ಖಾನೆ ಮಾತ್ರ ಮಾಡಬಲ್ಲ ವಿಶೇಷ ಜೋಡಣೆಯನ್ನು ನೆಚ್ಚಿಕೊಂಡ ಕಟ್ಟಡ ಅಂಥ ಸಂದರ್ಭದಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಅಳತೆಗಳನ್ನೂ ಜೋಡಣೆಗಳನ್ನೂ ಇನ್ನೊಂದು ಕಾರ್ಖಾನೆ ಮುಂದುವರಿಸಬಲ್ಲಷ್ಟು ಸಾಮಾನ್ಯವಾಗಿಡಿ. ಮುಂಗಡ ಕೊಟ್ಟ ಮಾಡ್ಯೂಲ್‌ಗಳು ಕಾರ್ಖಾನೆಯಲ್ಲಿದ್ದಾಗಲೂ ನಿಮ್ಮ ಸ್ವತ್ತೇ ಎಂಬುದನ್ನು ಒಪ್ಪಂದದಲ್ಲಿ ಸೇರಿಸಿ.

ಮಾಡ್ಯೂಲ್‌ಗಳನ್ನು ಕೂರಿಸುವ ದಿನಗಳಲ್ಲಿ ಗಾಳಿಯೇ ಯಜಮಾನ. ಅಗಲವಾದ ಪೆಟ್ಟಿಗೆ ಹಾಯಿಯಂತೆ ಗಾಳಿಯನ್ನು ಹಿಡಿಯುವುದರಿಂದ, ಗಾಳಿಯ ವೇಗ ಸೆಕೆಂಡಿಗೆ ಹತ್ತು ಮೀಟರ್ ಸಮೀಪಿಸುವ ಹೊತ್ತಿಗೆ ಸಾಮಾನ್ಯವಾಗಿ ಎತ್ತುವ ಕೆಲಸವನ್ನು ನಿಲ್ಲಿಸಬೇಕಾಗುತ್ತದೆ; ವೇಳಾಪಟ್ಟಿಯಲ್ಲಿ ಅಂಥ ದಿನಗಳಿಗೆ ಜಾಗವಿರಲಿ.

ಕಟ್ಟಡವನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸುವಾಗ ಬೀಗದ ಕೈಗಳ ಜೊತೆಗೆ ಮೂರು ದಾಖಲೆಗಳನ್ನು ಕೊಡಬೇಕು: ಪ್ರತಿ ಮಾಡ್ಯೂಲಿನ ಸಂಖ್ಯೆ ಮತ್ತು ಅದರಲ್ಲಿರುವ ವಸ್ತುಗಳ ಪಟ್ಟಿ, ಪ್ರತಿ ಬೋಲ್ಟ್ ಹಾಗೂ ಬೆಂಕಿತಡೆಯ ಪಟ್ಟಿ ಇರುವ ಜಾಗದ ನಕ್ಷೆ, ಮತ್ತು ಯಾವ ಗೋಡೆಯನ್ನು ಕೊರೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಬಣ್ಣಗಳಲ್ಲಿ ತೋರಿಸುವ ಹಾಳೆ. ಮೂರನೆಯದರ ಒಂದು ಪ್ರತಿಯನ್ನು ಪ್ರತಿ ಮನೆಯ ವಿದ್ಯುತ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಅಂಟಿಸಿಡಿ, ಏಕೆಂದರೆ ಡ್ರಿಲ್ ಹಿಡಿದು ಬರುವವನು ಸಂಘದ ಕಡತವನ್ನು ಓದಿಕೊಂಡು ಬರುವುದಿಲ್ಲ. ಹೊರಮುಖದ ಸಂದುಗಳಿಗೆ ತುಂಬಿದ ಸೀಲೆಂಟ್ ಕಟ್ಟಡದಷ್ಟು ಕಾಲ ಬಾಳುವುದಿಲ್ಲವಾದ್ದರಿಂದ, ಅದನ್ನು ನಿಯತವಾಗಿ ಪರೀಕ್ಷಿಸಿ ಬದಲಿಸುವ ವೆಚ್ಚವನ್ನು ಮೊದಲ ವರ್ಷದಿಂದಲೇ ನಿರ್ವಹಣಾ ನಿಧಿಯಲ್ಲಿ ಸೇರಿಸಬೇಕು.